ಮಂದೆಯಿಲ್ಲದ ಕಾವಲುಗಾರ: ಜರ್ಮನ್ ಷೆಫರ್ಡ್ ನಾಯಿಯ ಗುಣ ಮತ್ತು ಆರೈಕೆ

ರಕ್ತದೊತ್ತಡ, ಸಿಹಿಮೂತ್ರ, ಕೀಲುನೋವು, ಮಕ್ಕಳ ಹಲ್ಲಿನ ರಕ್ಷಣೆ ಮುಂತಾದ ವಿಷಯಗಳಿಗೆ ಮೀಸಲಾದ ಆರೋಗ್ಯ ವಿಭಾಗದಲ್ಲಿ ನಾಯಿಯ ಬಗೆಗೆ ಲೇಖನವೇ ಎಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಪಶುವೈದ್ಯನಾದ ನನಗೆ ಅದರಲ್ಲಿ ಅಸಂಬದ್ಧವಾದುದೇನೂ ಕಾಣುವುದಿಲ್ಲ. ವಿಶಾಖಪಟ್ಟಣದಲ್ಲಿಯೂ ಅದರ ನೈಋತ್ಯಕ್ಕಿರುವ ಅಚ್ಯುತಾಪುರಂ ಕಡೆಯ ಕೈಗಾರಿಕಾ ಪ್ರದೇಶದಲ್ಲಿಯೂ ಉದ್ಯೋಗನಿಮಿತ್ತ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ನಾಯಿ ಸಾಕುವ ಮನೆಗಳುಂಟು. ಅವರಲ್ಲಿ ಅನೇಕರು ಮೆಚ್ಚಿ ತರುವುದು ಜರ್ಮನ್ ಷೆಫರ್ಡ್ ಜಾತಿಯ ಮರಿಯನ್ನು. ನಮ್ಮ ಹಿರಿಯರ ಬಾಯಲ್ಲಿ ಅದು ಇನ್ನೂ ಅಲ್ಸೇಷಿಯನ್. ಒಂದೇ ಸೂರಿನ ಕೆಳಗೆ ಬಾಳುವ ಪ್ರಾಣಿಯ ಆರೋಗ್ಯಕ್ಕೂ ಮನೆಮಂದಿಯ ಆರೋಗ್ಯಕ್ಕೂ ಇರುವ ನಂಟು ನಾವು ಎಣಿಸುವುದಕ್ಕಿಂತ ಹತ್ತಿರವಾದದ್ದು. ಕಡಿತ, ಇಲಿಜ್ವರ, ಜಂತುಹುಳು ಇವಿಷ್ಟೇ ಅಲ್ಲ. ರಾತ್ರಿಯೆಲ್ಲ ಬೊಗಳುವ ನಾಯಿಯಿಂದ ಕೆಡುವ ನಿದ್ರೆ, ನೆರೆಮನೆಯವರೊಡನೆ ಬೆಳೆಯುವ ಮನಸ್ತಾಪ ಇವೂ ಆ ಲೆಕ್ಕಕ್ಕೆ ಸೇರಿದವೇ.

ಇನ್ನೊಂದು ಕಾರಣವೂ ಉಂಟು. "ನಾಯಿಗೆ ಏನೋ ಆಗಿದೆ, ನೋಡಿ" ಎಂದು ನನ್ನ ಬಳಿಗೆ ತರುವ ಈ ಜಾತಿಯ ನಾಯಿಗಳಲ್ಲಿ ಹಲವಕ್ಕೆ ಯಾವ ರೋಗವೂ ಇರುವುದಿಲ್ಲ. ಅವಕ್ಕೆ ಕೆಲಸವಿಲ್ಲ, ಅಷ್ಟೆ. ಇದನ್ನು ಅರಿಯಬೇಕಾದರೆ ಈ ನಾಯಿ ಎಲ್ಲಿಂದ ಬಂದಿತು, ಯಾವ ಕೆಲಸಕ್ಕೆಂದು ಅದನ್ನು ರೂಪಿಸಿದರು ಎಂಬುದನ್ನು ಮೊದಲು ತಿಳಿಯಬೇಕು.

ಹುಟ್ಟು ಮತ್ತು ಹೆಸರು

ಜರ್ಮನಿಯ ಹಳ್ಳಿಗಳಲ್ಲಿ ಕುರಿಗಾಹಿಗಳು ಬಗೆಬಗೆಯ ನಾಯಿಗಳನ್ನು ಇಟ್ಟುಕೊಂಡಿದ್ದರು. ಒಂದು ಸೀಮೆಯ ನಾಯಿಗೂ ಇನ್ನೊಂದು ಸೀಮೆಯ ನಾಯಿಗೂ ಬಣ್ಣ, ಕೂದಲು, ಕಿವಿ ಯಾವುದರಲ್ಲಿಯೂ ಹೋಲಿಕೆಯಿರಲಿಲ್ಲ. ಅಶ್ವದಳದಲ್ಲಿ ಕ್ಯಾಪ್ಟನ್ ಆಗಿದ್ದ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬಾತನು 1899ರ ಏಪ್ರಿಲ್ ತಿಂಗಳಲ್ಲಿ ಕಾರ್ಲ್ಸ್‌ರೂಹೆ ನಗರದ ಶ್ವಾನ ಪ್ರದರ್ಶನವೊಂದರಲ್ಲಿ ಹೆಕ್ಟರ್ ಎಂಬ ಕುರಿನಾಯಿಯನ್ನು ಕಂಡು ಕೊಂಡುಕೊಂಡನು. ಅದಕ್ಕೆ ಹೊರಾಂಡ್ ಎಂದು ಹೊಸ ಹೆಸರಿಟ್ಟು, ಅದೇ ತಿಂಗಳಲ್ಲಿ ಈ ಜಾತಿಗಾಗಿಯೇ ಒಂದು ಸಂಘವನ್ನು ಸ್ಥಾಪಿಸಿ, ವಂಶಾವಳಿಯ ಪುಸ್ತಕದಲ್ಲಿ ಆ ನಾಯಿಯನ್ನು ಮೊದಲನೆಯದಾಗಿ ಬರೆಯಿಸಿದನು. ಇಂದಿನ ಜರ್ಮನ್ ಷೆಫರ್ಡ್ ನಾಯಿಗಳ ಮೂಲಪುರುಷ ಆ ಹೊರಾಂಡ್. ನಾಯಿಯ ಅಂದಕ್ಕಿಂತ ಉಪಯೋಗವೇ ದೊಡ್ಡದೆಂಬುದು ಸ್ಟೆಫಾನಿಟ್ಸನ ದೃಢವಾದ ಅಭಿಪ್ರಾಯವಾಗಿತ್ತು. ಕೈಗಾರಿಕೆಗಳು ಬೆಳೆದು ಕುರಿಸಾಕಣೆ ಕುಗ್ಗುತ್ತ ಬಂದಾಗ, ತನ್ನ ನಾಯಿಗೆ ಪೊಲೀಸ್ ಮತ್ತು ಸೈನ್ಯದಲ್ಲಿ ಹೊಸ ಉದ್ಯೋಗವನ್ನು ಹುಡುಕಿಕೊಟ್ಟವನೂ ಅವನೇ. ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಯೋಧರಿಗೆ ದಾರಿ ತೋರುವ ನಾಯಿಗಳನ್ನು ತರಬೇತು ಮಾಡುವ ಶಾಲೆಯೊಂದು 1916ರಲ್ಲಿ ಓಲ್ಡೆನ್‌ಬುರ್ಗ್ ಎಂಬಲ್ಲಿ ಆರಂಭವಾಯಿತು.

ಅಲ್ಸೇಷಿಯನ್ ಎಂಬ ಹೆಸರು ಆ ಯುದ್ಧದ ದ್ವೇಷದಿಂದ ಹುಟ್ಟಿದ್ದು. ಜರ್ಮನ್ ಎಂಬ ಮಾತನ್ನು ಕೇಳಲೂ ಇಷ್ಟಪಡದ ಬ್ರಿಟಿಷರು, ಫ್ರಾನ್ಸ್ ಮತ್ತು ಜರ್ಮನಿಗಳ ಗಡಿಯಲ್ಲಿರುವ ಅಲ್ಸೇಸ್ ಪ್ರಾಂತದ ಹೆಸರನ್ನು ನಾಯಿಗೆ ಅಂಟಿಸಿದರು. ಬ್ರಿಟನ್ನಿನ ಕೆನಲ್ ಕ್ಲಬ್ಬು ಮೂಲದ ಹೆಸರನ್ನು ಮತ್ತೆ ಒಪ್ಪಿಕೊಂಡದ್ದು 1977ರಲ್ಲಿ. ಬ್ರಿಟಿಷರ ಆಳ್ವಿಕೆಯಲ್ಲಿದ್ದ ನಮ್ಮ ನಾಡಿಗೆ ನಾಯಿಯೂ ಹೆಸರೂ ಅವರಿಂದಲೇ ಬಂದುದರಿಂದ ಹಳೆಯ ಹೆಸರು ಇಲ್ಲಿ ಇನ್ನೂ ಉಳಿದುಕೊಂಡಿದೆ.

ಈ ನಾಯಿಯ ಕುರಿಗಾವಲಿನ ರೀತಿ ವಿಶೇಷವಾದದ್ದು. ಜರ್ಮನಿಯ ಬಯಲಿನಲ್ಲಿ ಬೇಲಿಯಿಲ್ಲದ ಹೊಲಗಳ ನಡುವಣ ಹುಲ್ಲಿನ ಪಟ್ಟಿಗಳಲ್ಲಿ ಕುರಿ ಮೇಯಬೇಕು. ಪಕ್ಕದ ಪೈರಿಗೆ ಬಾಯಿ ಹಾಕಕೂಡದು. ಬೇಲಿಯ ಕೆಲಸವನ್ನು ನಾಯಿ ಮಾಡುತ್ತಿತ್ತು. ಪೈರಿನ ಅಂಚಿನ ಸಾಲಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಿಂದಕ್ಕೂ ಮುಂದಕ್ಕೂ ಜೋಗುಹೆಜ್ಜೆಯಲ್ಲಿ ಓಡುತ್ತಲೇ ಇರುವುದು, ಗೆರೆ ದಾಟಿದ ಕುರಿಯನ್ನು ಗದರಿ ಒಳಕ್ಕೆ ತಳ್ಳುವುದು, ಮಾತು ಕೇಳದ ಕುರಿಯನ್ನು ಗಾಯವಾಗದಂತೆ ಬಾಯಲ್ಲಿ ಹಿಡಿದು ಬಿಡುವುದು ಅದರ ದಿನಚರಿ. ಕುರಿಗಾಹಿ ದೂರದಲ್ಲಿರುತ್ತಿದ್ದುದರಿಂದ ಯಾವ ಕುರಿಯನ್ನು ತಡೆಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ನಾಯಿಯೇ ತೀರ್ಮಾನಿಸಬೇಕಾಗಿತ್ತು. ಅಂದರೆ ದಿನವಿಡೀ ಓಡಬಲ್ಲ ಕಾಲು, ಒಡೆಯನ ಸನ್ನೆಯ ಮೇಲೆ ಸದಾ ನೆಟ್ಟ ಕಿವಿ, ಸ್ವಂತ ಬುದ್ಧಿ, ಗೆರೆ ದಾಟುವುದನ್ನು ಕಂಡರೆ ಸಹಿಸದ ಸ್ವಭಾವ, ಈ ನಾಲ್ಕನ್ನೂ ತಲೆತಲಾಂತರದಿಂದ ಆರಿಸಿ ಆರಿಸಿ ಬೆಳೆಸಿದ ಪ್ರಾಣಿ ಇದು.

ನಮ್ಮ ಕುರುಬರ ಹಟ್ಟಿಗಳಲ್ಲಿಯೂ ನಾಯಿಗಳುಂಟು. ಆದರೆ ಅವುಗಳ ಮುಖ್ಯವಾದ ಕೆಲಸ ರಾತ್ರಿಯ ಕಾವಲು. ಕೊಪ್ಪಳ, ಬಳ್ಳಾರಿ ಕಡೆಯ ಬಯಲುಸೀಮೆಯಲ್ಲಿ ತೋಳದ ಭಯ ಇಂದಿಗೂ ತಪ್ಪಿಲ್ಲ. ಮಂದೆಯನ್ನು ನಡೆಸುವುದು ಬಹುಮಟ್ಟಿಗೆ ಕುರುಬನ ಕೂಗು ಮತ್ತು ಕೋಲು. ಹಗಲಿನಲ್ಲಿ ನೆರಳಿಗೆ ಬಿದ್ದುಕೊಂಡು ರಾತ್ರಿ ಎಚ್ಚರವಾಗಿರುವ ಆ ನಾಯಿಗೂ, ಹಗಲೆಲ್ಲ ಓಡಲೆಂದೇ ಹುಟ್ಟಿದ ಜರ್ಮನ್ ನಾಯಿಗೂ ಅಜಗಜಾಂತರ. ಇನ್ನು ಮುಧೋಳದ ನಾಯಿ ಬೇಟೆಯದು. ಅದು ಕಣ್ಣಿಗೆ ಬಿದ್ದುದನ್ನು ಅಟ್ಟಿ ಹಿಡಿಯತಕ್ಕದ್ದೇ ಹೊರತು ಮಂದೆ ಕಾಯುವ ಜಾತಿಯಲ್ಲ. ಬೇಟೆನಾಯಿಯ ಮಾತು ಬಂದುದರಿಂದ ಹೇಳುತ್ತೇನೆ: ಹಂದಿಯೊಡನೆ ಕಾದಾಡಿ ಮಡಿದ ಕಾಳಿ ಎಂಬ ನಾಯಿಯ ನೆನಪನ್ನು ಕಲ್ಲಿನಲ್ಲಿ ನಿಲ್ಲಿಸಿದ ಹತ್ತನೆಯ ಶತಮಾನದ ಆತಕೂರಿನ ಶಾಸನ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನು ಬಹುಮಾನವಾಗಿ ಬೇಡಿದ್ದು ಆ ನಾಯಿಯನ್ನೇ. ರಜೆಯಲ್ಲಿ ಬೆಂಗಳೂರಿಗೆ ಹೋದವರು ಮಕ್ಕಳಿಗೆ ಅದನ್ನು ತೋರಿಸಬಹುದು.

ಸ್ವಭಾವ

ಗಂಡು ಸುಮಾರು 60ರಿಂದ 65 ಸೆಂಟಿಮೀಟರ್ ಎತ್ತರ, 30ರಿಂದ 40 ಕಿಲೋಗ್ರಾಂ ತೂಕ. ಹೆಣ್ಣು 55ರಿಂದ 60 ಸೆಂಟಿಮೀಟರ್ ಎತ್ತರ, 22ರಿಂದ 32 ಕಿಲೋಗ್ರಾಂ ತೂಕ. ಆಯುಸ್ಸು ಸಾಧಾರಣವಾಗಿ ಒಂಬತ್ತರಿಂದ ಹದಿಮೂರು ವರ್ಷ. ಇದು ಮೈಲಕ್ಷಣದ ಮಾತಾಯಿತು.

ಮನೆಯಲ್ಲಿ ಅದರ ನಡವಳಿಕೆಯನ್ನು ಗಮನಿಸಿದವರಿಗೆ ಹೊಲದ ಅಂಚಿನ ಆ ಹಳೆಯ ಕೆಲಸ ಎದ್ದು ಕಾಣುತ್ತದೆ. ಮನೆಯೊಡತಿ ಅಡುಗೆಮನೆಗೆ ಹೋದರೆ ಹಿಂದೆಯೇ ಬರುತ್ತದೆ. ಯಜಮಾನ ಸ್ನಾನಕ್ಕೆ ಹೋದರೆ ಬಾಗಿಲಲ್ಲಿ ಮಲಗುತ್ತದೆ. ಮನೆಯವರೆಲ್ಲ ಒಂದೇ ಕೋಣೆಯಲ್ಲಿ ಕುಳಿತ ಮೇಲೆ ಸಮಾಧಾನದ ನಿಟ್ಟುಸಿರು ಬಿಟ್ಟು ತಲೆ ಕೆಳಗಿಡುತ್ತದೆ. ಮಂದೆ ಒಂದೆಡೆ ಸೇರಿತು ಎಂದು ಅದರ ಭಾವನೆ. ಮೊಗಸಾಲೆಯ ಒಂದೇ ಗೆರೆಯಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಯುವುದು, ಓಡುವವರನ್ನು ಸುತ್ತುಹಾಕುವುದು, ಹಿಮ್ಮಡಿಯನ್ನು ಮೆಲ್ಲಗೆ ಕಚ್ಚುವುದು ಇವೆಲ್ಲ ಆ ಮನೋಧರ್ಮದಿಂದ ಬಂದವೇ ಹೊರತು ಕೇಡಿಗತನವಲ್ಲ. ಅಪರಿಚಿತರನ್ನು ಕಂಡರೆ ಅದಕ್ಕೆ ಸಂಶಯ, ತನ್ನವರೆಂದರೆ ಪ್ರಾಣ. ಒಂಟಿಯಾಗಿ ಬಿಟ್ಟರೆ ಕೊರಗುತ್ತದೆ, ಆ ಕೊರಗು ಬಾಗಿಲು ಕೆರೆಯುವುದರಲ್ಲಿಯೋ ದಿಂಬು ಹರಿಯುವುದರಲ್ಲಿಯೋ ಹೊರಬೀಳುತ್ತದೆ.

ಅಚ್ಯುತಾಪುರಂ ಸಮೀಪದ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿರುವ ನಮ್ಮವರೊಬ್ಬರ ಮನೆಯ ಸಂಗತಿಯನ್ನು ಇಲ್ಲಿ ಹೇಳಬಹುದು. ಅವರ ನಾಯಿ ರಾಜ, ಹದಿನಾಲ್ಕು ತಿಂಗಳ ಗಂಡು. ಸಂಜೆ ಬೀದಿಯ ಹುಡುಗರು ಸೈಕಲ್ ಹೊಡೆಯಲಾರಂಭಿಸಿದರೆ ಅದು ಗೇಟು ಹಾರಿ ಹೋಗಿ ಅವರನ್ನು ಸುತ್ತುಗಟ್ಟುತ್ತಿತ್ತು. ಒಂದು ದಿವಸ ನೆರೆಮನೆಯ ಹುಡುಗ ಬಿದ್ದು ಮೊಣಕಾಲಿಗೆ ಪೆಟ್ಟಾಯಿತು. ಹಿಮ್ಮಡಿಯ ಮೇಲೆ ಹಲ್ಲಿನ ಗುರುತೂ ಇತ್ತು. ಬೀದಿಯವರು ನಾಯಿಯನ್ನು ಕಳುಹಿಸಲೇಬೇಕೆಂದು ಪಟ್ಟುಹಿಡಿದರು. ಮನೆಯವರು ಬೆಳಗಿನಿಂದ ರಾತ್ರಿಯವರೆಗೆ ಸರಪಳಿ ಹಾಕಿದರು. ಪರಿಣಾಮ ವಿಪರೀತವಾಯಿತು. ರಾಜ ಹಗಲಿರುಳು ಬೊಗಳತೊಡಗಿತು; ತನ್ನ ಬಾಲವನ್ನು ತಾನೇ ಕಚ್ಚಿ ಹುಣ್ಣುಮಾಡಿಕೊಂಡಿತು. ಅದನ್ನು ಎಲ್ಲಿಯಾದರೂ ದೂರ, ಪೂಡಿಮಡಕ ಕಡಲತೀರದ ಕಡೆ ಬಿಟ್ಟುಬರುವುದೇ ಲೇಸು ಎನ್ನುವವರೆಗೆ ಮಾತು ಹೋಗಿತ್ತು. ಬಿಟ್ಟಿದ್ದರೆ ಅದು ಬೀದಿನಾಯಿಗಳ ಬಾಯಿಗೋ ಲಾರಿಯ ಗಾಲಿಗೋ ಸಿಕ್ಕಿ ಸಾಯುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗೆ ಒಪ್ಪಿಸಿ ಬಿಟ್ಟುಹೋಗುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧವೂ ಹೌದು.

ನಾನು ಪರೀಕ್ಷಿಸಿದಾಗ ಬಾಲದ ಹುಣ್ಣಿನ ಹೊರತು ದೇಹದಲ್ಲಿ ದೋಷ ಕಾಣಲಿಲ್ಲ. ಹಾವೇರಿಯ ಕಡೆಯಿಂದ ಮಗನ ಮನೆಗೆ ಬಂದಿದ್ದ ಅಜ್ಜಿಯೊಬ್ಬರು ಮೂಲೆಯಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದರು. "ಇದು ಕುರಿ ಇಲ್ದ ನಾಯಿ ಐತ್ರಿ ಡಾಕ್ಟ್ರ. ಹುಡುಗೂರನ್ನ ಕುರಿ ಅಂತ ತಿಳದೈತಿ" ಎಂದರು. ನಾನು ಅರ್ಧ ಗಂಟೆ ವಿವರಿಸಬೇಕೆಂದಿದ್ದುದನ್ನು ಆ ತಾಯಿ ಒಂದು ಮಾತಿನಲ್ಲಿ ಮುಗಿಸಿದರು. ಆಮೇಲೆ ಗೇಟನ್ನು ಎತ್ತರಿಸಿದರು. ಬೆಳಿಗ್ಗೆ ಸಂಜೆ ಹೊರಗೆ ಕರೆದೊಯ್ಯುವ ಕ್ರಮವನ್ನು ಹಾಕಿಕೊಂಡರು. ಸೈಕಲ್ ಕಂಡಾಗ ಕೂರಲು ಕಲಿಸಿ, ಕುಳಿತರೆ ತಿನಿಸು ಕೊಡುವ ಅಭ್ಯಾಸ ಮಾಡಿಸಿದರು. ಮೂರು ತಿಂಗಳ ಬಳಿಕ ರಾಜ ಬೇರೆಯೇ ನಾಯಿಯಾಗಿತ್ತು. ಪೂರ್ತಿ ವಾಸಿಯಾಯಿತೆಂದು ಹೇಳಲಾರೆ. ಹುಡುಗರು ಆಡುವ ಹೊತ್ತಿನಲ್ಲಿ ಅದನ್ನು ಹೊರಗೆ ಕರೆತಂದರೆ ಬಾಯಿಕುಕ್ಕೆಯನ್ನೂ ಹಗ್ಗವನ್ನೂ ಈಗಲೂ ಬಿಡುವಂತಿಲ್ಲ.

ದುಡಿಮೆ ಮತ್ತು ಆಟ

ಬೆಳೆದ ನಾಯಿಗೆ ದಿನಕ್ಕೆ ಎರಡು ಗಂಟೆಗಳಷ್ಟು ವ್ಯಾಯಾಮ ಬೇಕು. ಒಂದೇ ಸಲ ಬೇಡ, ಎರಡು ಮೂರು ಸಲಕ್ಕೆ ಹಂಚಿದರೆ ಸಾಕು. ನಮ್ಮವರಲ್ಲಿ ಪಾಳಿಯ ಮೇಲೆ ದುಡಿಯುವವರು ಬಹಳ. ಒಂದು ವಾರ ಬೆಳಗಿನ ಪಾಳಿ, ಮುಂದಿನ ವಾರ ರಾತ್ರಿಯ ಪಾಳಿ ಎಂದಾದರೆ ಯಜಮಾನನ ನಿದ್ರೆಯಂತೆ ನಾಯಿಯ ದಿನಚರಿಯೂ ಕೆಡುತ್ತದೆ. ಗಡಿಯಾರ ನೋಡದಿದ್ದರೂ ಹೊತ್ತನ್ನು ಬಲ್ಲ ಪ್ರಾಣಿ ಅದು. ಆದುದರಿಂದ ನಾಯಿಯ ಹೊಣೆ ಒಬ್ಬರ ಮೇಲೆಯೇ ಬೀಳದಂತೆ ನೋಡಿಕೊಳ್ಳಬೇಕು. ಬೆಳಗಿನದು ಒಬ್ಬರದು, ಸಂಜೆಯದು ಇನ್ನೊಬ್ಬರದು ಎಂದು ಗೊತ್ತುಮಾಡಿ, ಪಾಳಿ ಏನೇ ಬದಲಾದರೂ ನಾಯಿಯ ಹೊತ್ತು ಬದಲಾಗದಂತೆ ನಡೆಸಿಕೊಂಡು ಹೋಗಬೇಕು. ಹೆಂಡತಿಯೂ ಮಕ್ಕಳೂ ಇದಕ್ಕೆ ಒಪ್ಪದಿದ್ದರೆ ಮರಿಯನ್ನು ತರುವ ಯೋಚನೆಯನ್ನೇ ಬಿಡುವುದು ಒಳ್ಳೆಯದೆಂದು ನಾನು ನೇರವಾಗಿಯೇ ಹೇಳುತ್ತೇನೆ.

ಕಾಲಿಗೆ ದಣಿವಾದರೆ ಸಾಲದು, ತಲೆಗೂ ಕೆಲಸ ಬೇಕು. ರೊಟ್ಟಿಯ ತುಂಡುಗಳನ್ನು ಮನೆಯಲ್ಲಿ ಅಲ್ಲಲ್ಲಿ ಬಚ್ಚಿಟ್ಟು ಮೂಸಿ ಹುಡುಕಲು ಬಿಡಿ. ದಿನಪತ್ರಿಕೆ ತರುವುದು, ಚಪ್ಪಲಿಯನ್ನು ಅದರ ಜಾಗದಲ್ಲಿ ಇಡುವುದು ಇಂಥ ಸಣ್ಣ ಸಣ್ಣ ಉದ್ಯೋಗಗಳನ್ನು ಕಲಿಸಿ. ಹತ್ತು ನಿಮಿಷ ಮೂಗಿಗೆ ಕೊಟ್ಟ ಕೆಲಸ ದೂರದ ನಡಿಗೆಯಷ್ಟೇ ದಣಿಸುತ್ತದೆ. ಮಂದೆ ಕಾಯುವ ಇನ್ನೊಂದು ಜಾತಿಯಾದ ಬಾರ್ಡರ್ ಕೋಲಿಯೊಂದು ಸಾವಿರದ ಇಪ್ಪತ್ತೆರಡು ಆಟಿಕೆಗಳ ಹೆಸರುಗಳನ್ನು ಕಲಿತಿತ್ತೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಪಿಲೆ 2011ರಲ್ಲಿ ಪ್ರಕಟಿಸಿದರು. ನಮ್ಮ ಮನೆಯ ನಾಯಿ ಅಷ್ಟು ಕಲಿಯಬೇಕಾಗಿಲ್ಲ. ಈಚೆಗೆ ಆ ಬಾರ್ಡರ್ ಕೋಲಿಯ ಹುಚ್ಚೂ ನಗರಗಳಲ್ಲಿ ಹರಡುತ್ತಿದೆ. ಅದರ ಚಟುವಟಿಕೆ ಇದಕ್ಕಿಂತಲೂ ಒಂದು ಕೈ ಮೇಲು ಎಂಬುದನ್ನು ಕೊಳ್ಳುವವರು ನೆನಪಿಡಬೇಕು.

ಭಾಷೆಯ ವಿಷಯದಲ್ಲಿ ಒಂದು ತಮಾಷೆಯುಂಟು. ಮನೆಯವರು 'ಬಾ' ಎನ್ನುತ್ತಾರೆ, ಕೆಲಸದವರು 'ರಾ' ಎನ್ನುತ್ತಾರೆ, ಶಾಲೆಗೆ ಹೋಗುವ ಮಗ 'ಕಮ್' ಎನ್ನುತ್ತಾನೆ. ಬೆಳೆದ ನಾಯಿ ಮೂರನ್ನೂ ಕಲಿತು ನಮಗಿಂತ ಸಲೀಸಾಗಿ ಮೂರು ಭಾಷೆಗಳನ್ನು ಬಲ್ಲುದಾಗುತ್ತದೆ. ಆದರೆ ಮರಿಯಾಗಿದ್ದಾಗ ಒಂದು ಕೆಲಸಕ್ಕೆ ಒಂದೇ ಮಾತು ಇರಲಿ. 'ಬಾ', 'ಕೂರು', 'ನಿಲ್ಲು', 'ಬಿಡು' ಈ ನಾಲ್ಕನ್ನು ಎಲ್ಲರೂ ಒಂದೇ ರೀತಿಯಲ್ಲಿ ಹೇಳಿದರೆ ಆರು ತಿಂಗಳೊಳಗೆ ಮನೆಗೆ ಶಾಂತಿ ಬರುತ್ತದೆ. ಹೊಡೆದು ಕಲಿಸುವ ಪದ್ಧತಿಯನ್ನು ಪೂರ್ಣವಾಗಿ ಬಿಡಬೇಕು. ಪೆಟ್ಟು ತಿಂದ ಜರ್ಮನ್ ಷೆಫರ್ಡ್ ಪುಕ್ಕಲಾಗುತ್ತದೆ. ಪುಕ್ಕಲು ನಾಯಿಯೇ ಕಚ್ಚುವ ನಾಯಿ.

ಮರಿಗೆ ಮಾತ್ರ ಅತಿಯಾದ ವ್ಯಾಯಾಮ ಸಲ್ಲದು. ಎಲುಬುಗಳು ಬಲಿಯಲು ಒಂದರಿಂದ ಒಂದೂವರೆ ವರ್ಷ ಬೇಕು. ಅಲ್ಲಿಯವರೆಗೆ ಮೆಟ್ಟಿಲುಗಳನ್ನು ಪದೇ ಪದೇ ಹತ್ತಿಸುವುದು, ಎತ್ತರದಿಂದ ಹಾರಿಸುವುದು, ಸೈಕಲ್ಲಿನ ಹಿಂದೆ ಓಡಿಸುವುದು ಕೂಡದು. ನುಣುಪಾದ ಗ್ರಾನೈಟ್ ನೆಲದ ಮೇಲೆ ಜಾರಿ ಜಾರಿ ಬೆಳೆದ ಮರಿಯ ಸೊಂಟಕ್ಕೆ ಕೇಡು ತಪ್ಪಿದ್ದಲ್ಲ. ಅದು ಓಡಾಡುವ ಕಡೆ ತೆಂಗಿನ ನಾರಿನ ಚಾಪೆಯನ್ನು ಹಾಸಿದರಾಯಿತು.

ಕಡಲತೀರದ ಸೆಕೆ

ತಂಪು ದೇಶದಲ್ಲಿ ಹುಟ್ಟಿದ ಈ ನಾಯಿಗೆ ಎರಡು ಪದರದ ಕೂದಲು. ಹೊರಗಿನದು ಒರಟು, ಒಳಗಿನದು ಹತ್ತಿಯಂತೆ ಒತ್ತು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ಏದುತ್ತ, ಬಾಯಿಯ ತೇವ ಆರಿದಾಗ ಆಗುವ ತಂಪಿನಿಂದ ತನ್ನ ಕಾವನ್ನು ಇಳಿಸಿಕೊಳ್ಳುತ್ತದೆ. ಗಾಳಿಯಲ್ಲಿಯೇ ತೇವ ತುಂಬಿರುವ ಕಡಲತೀರದಲ್ಲಿ ಬಾಯಿಯ ತೇವ ಬೇಗ ಆರುವುದಿಲ್ಲ. ಆದುದರಿಂದಲೇ 40 ಡಿಗ್ರಿಯ ಒಣ ಬಿಸಿಲಿನ ರಾಯಚೂರಿಗಿಂತ 35 ಡಿಗ್ರಿಯ ವಿಶಾಖಪಟ್ಟಣ ನಾಯಿಗೆ ಹೆಚ್ಚು ಅಪಾಯಕರವಾಗುವ ದಿನಗಳುಂಟು. ಏಪ್ರಿಲಿನಿಂದ ಜೂನ್‌ವರೆಗೆ ಸೂರ್ಯೋದಯಕ್ಕೆ ಮೊದಲು ಮತ್ತು ಕತ್ತಲಾದ ಮೇಲೆ ಮಾತ್ರ ಹೊರಗೆ ಕರೆದೊಯ್ಯಬೇಕು. ಡಾಂಬರು ರಸ್ತೆಯ ಮೇಲೆ ಅಂಗೈಯ ಹಿಂಬದಿಯನ್ನು ಐದು ಸೆಕೆಂಡು ಇಟ್ಟು ನೋಡಿ. ನಿಮಗೆ ತಾಳಲಾಗದಿದ್ದರೆ ಅದರ ಪಾದಕ್ಕೂ ತಾಳದು. ನಿಲ್ಲಿಸಿದ ಕಾರಿನಲ್ಲಿ ಐದು ನಿಮಿಷಕ್ಕೆಂದು ಬಿಟ್ಟುಹೋಗುವುದು ಕೊಲೆಗೆ ಸಮಾನ.

ನಾಯಿಯ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 105 ದಾಟಿದರೆ ಅಪಾಯ. ಎಡೆಬಿಡದ ಏದುಸಿರು, ಹಗ್ಗದಂತೆ ಸುರಿಯುವ ಜೊಲ್ಲು, ಇಟ್ಟಿಗೆಗೆಂಪು ಒಸಡು, ತೂರಾಟ, ವಾಂತಿ ಇವು ಕಂಡರೆ ಒಡನೆಯೇ ನೆರಳಿಗೆ ತಂದು, ನಲ್ಲಿಯ ನೀರನ್ನು ಮೈಮೇಲೆ ಧಾರಾಳವಾಗಿ ಸುರಿದು, ಫ್ಯಾನಿನ ಗಾಳಿ ಬಿಡಬೇಕು. ಒದ್ದೆ ಟವಲನ್ನು ಹೊದಿಸಿ ಬಿಡಬಾರದು. ಅದು ಕಾವನ್ನು ಒಳಗೇ ಹಿಡಿದಿಡುತ್ತದೆ. ಚೇತರಿಸಿಕೊಂಡಂತೆ ಕಂಡರೂ ವೈದ್ಯರ ಬಳಿಗೆ ಒಯ್ಯುವುದು ಅಗತ್ಯ. ಮೂತ್ರಪಿಂಡಗಳಿಗೂ ಕರುಳಿಗೂ ಆದ ಹಾನಿ ಒಂದೆರಡು ದಿನ ತಡವಾಗಿ ತೋರಬಹುದು.

ಸೆಕೆಯೆಂದು ಕೂದಲನ್ನು ಬೋಳಿಸುವವರಿದ್ದಾರೆ. ಇದು ತಪ್ಪು. ಆ ಕೂದಲು ಬಿಸಿಲಿಗೂ ಮರೆ. ಬೋಳಿಸುವ ಬದಲು ವಾರಕ್ಕೆ ಮೂರು ನಾಲ್ಕು ಸಲ ಬಾಚಿ ಒಳಪದರದ ಸತ್ತ ಕೂದಲನ್ನು ತೆಗೆದರೆ ಚರ್ಮಕ್ಕೆ ಗಾಳಿಯಾಡುತ್ತದೆ. ನಮ್ಮ ಹವೆಯಲ್ಲಿ ಕೂದಲು ವರ್ಷವಿಡೀ ಉದುರುತ್ತಲೇ ಇರುತ್ತದೆ. ಮನೆಯಲ್ಲಿ ಉಬ್ಬಸದವರಿದ್ದರೆ ಮರಿ ತರುವ ಮುನ್ನ ಯೋಚಿಸತಕ್ಕದ್ದು. ಕಡಲಿನಲ್ಲಿ ಆಡಿಸಿದ ಮೇಲೆ ಸಿಹಿನೀರಿನಿಂದ ಉಪ್ಪನ್ನು ತೊಳೆದು ಕಿವಿ, ಕಂಕುಳುಗಳನ್ನು ಒರೆಸಿ ಒಣಗಿಸಬೇಕು. ಇಲ್ಲವಾದರೆ ಚರ್ಮದಲ್ಲಿ ಕಜ್ಜಿ ಏಳುತ್ತದೆ.

ಆಹಾರ

ಬರಿಯ ಮೊಸರನ್ನದಿಂದ ಈ ನಾಯಿ ಬಾಳಲಾರದು. ಮಾಂಸ ಬೇಯಿಸದ ಮನೆಗಳಲ್ಲಿ ಮೊಟ್ಟೆಗಾದರೂ ಒಪ್ಪಬೇಕು. ಅದೂ ಆಗದಿದ್ದರೆ ಅಂಗಡಿಯ ಸಿದ್ಧ ಆಹಾರವನ್ನು ವೈದ್ಯರ ಸಲಹೆಯಂತೆ ಕೊಡಬೇಕು. ರಾಗಿ, ಅಕ್ಕಿ, ಬೇಯಿಸಿದ ತರಕಾರಿಗಳು ಜೊತೆಗಿರಬಹುದು. ಪಕ್ಕೆಲುಬು ಕೈಗೆ ತಾಗಬೇಕು, ಕಣ್ಣಿಗೆ ಕಾಣಬಾರದು. ಇದೇ ತೂಕದ ಸುಲಭವಾದ ಅಳತೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಈರುಳ್ಳಿ ಹುಳಿ ಕಲಸಿದ ಅನ್ನವನ್ನೂ ಹಬ್ಬದ ದಿನದ ಒಣದ್ರಾಕ್ಷಿಯ ಪಾಯಸವನ್ನೂ ಪ್ರೀತಿಯಿಂದ ಬಡಿಸುವ ತಾಯಂದಿರು ಇದನ್ನು ಗಮನಿಸಬೇಕು. ಬೇಯಿಸಿದ ಮೂಳೆ ಸೀಳಿ ಕರುಳನ್ನು ಚುಚ್ಚುತ್ತದೆ. ಕಿವಿ ನಿಲ್ಲಲೆಂದು ಮರಿಗೆ ಸೀಸೆಗಟ್ಟಲೆ ಸುಣ್ಣದ ಟಾನಿಕ್ ಕುಡಿಸುವ ರೂಢಿ ನಮ್ಮಲ್ಲಿ ವಿಪರೀತವಾಗಿದೆ. ದೊಡ್ಡ ಜಾತಿಯ ಮರಿಗೆ ಹೆಚ್ಚಾದ ಕ್ಯಾಲ್ಸಿಯಂ ಎಲುಬನ್ನು ಗಟ್ಟಿಮಾಡುವುದಿಲ್ಲ, ವಕ್ರಮಾಡುತ್ತದೆ.

ದಿನದ ಊಟವನ್ನು ಎರಡು ಹೊತ್ತಿಗೆ ಹಂಚಿ, ಉಂಡ ಮೇಲೆ ಒಂದು ಗಂಟೆಯಾದರೂ ಓಡಿಸದಿರಿ. ಆಳವಾದ ಎದೆಯ ಈ ಜಾತಿಯಲ್ಲಿ ಜಠರ ಉಬ್ಬಿ ತಿರುಚಿಕೊಳ್ಳುವುದುಂಟು. ಹೊಟ್ಟೆ ತಮಟೆಯಂತೆ ಬಿಗಿದು, ವಾಂತಿಗೆ ಪ್ರಯತ್ನಿಸಿದರೂ ಏನೂ ಬಾರದೆ ನಾಯಿ ಚಡಪಡಿಸಿದರೆ ಬೆಳಗಾಗಲೆಂದು ಕಾಯಬೇಡಿ. ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆಯಾಗದಿದ್ದರೆ ಪ್ರಾಣ ಉಳಿಯದು. ಇದಕ್ಕೆ ಬೇರೆಯಾದ ಇನ್ನೊಂದು ತೊಂದರೆ: ಹೊಟ್ಟೆಬಾಕನಂತೆ ತಿಂದರೂ ಒಣಗುತ್ತ ಹೋಗುವುದು, ಜಿಡ್ಡಿನ ಮಲವನ್ನು ರಾಶಿಯಾಗಿ ಹಾಕುವುದು. ಜಂತುಹುಳುವೆಂದು ಔಷಧಿಯ ಮೇಲೆ ಔಷಧಿ ಕುಡಿಸುತ್ತಾರೆ. ಮೇದೋಜೀರಕ ಗ್ರಂಥಿಯ ಪಾಚಕರಸ ನಿಂತುಹೋಗುವ ಈ ವ್ಯಾಧಿ ಜರ್ಮನ್ ಷೆಫರ್ಡ್ ನಾಯಿಗಳಲ್ಲಿ ವಂಶಪಾರಂಪರ್ಯವಾಗಿ ಬರುವಂಥದು. ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ಊಟದೊಡನೆ ಪಾಚಕಪುಡಿಯನ್ನು ಕೊಟ್ಟರೆ ನಾಯಿ ಚೆನ್ನಾಗಿಯೇ ಬಾಳುತ್ತದೆ.

ರೋಗಗಳು

ಎಂಟು ವಾರಕ್ಕೆ ಮೊದಲು ತಾಯಿಯಿಂದ ಬೇರ್ಪಡಿಸಿದ ಮರಿಯನ್ನು ಕೊಳ್ಳಬೇಡಿ. 2017ರ ಶ್ವಾನ ಸಂವರ್ಧನ ನಿಯಮಗಳೂ ಅಂಥ ಮಾರಾಟವನ್ನು ನಿಷೇಧಿಸುತ್ತವೆ. ಆರೆಂಟು ವಾರಕ್ಕೆ ಆರಂಭಿಸಿ ಹದಿನಾರು ವಾರಗಳವರೆಗೆ ಮೂರು ನಾಲ್ಕು ವಾರಗಳಿಗೊಮ್ಮೆ ಡಿಸ್ಟೆಂಪರ್, ಪಾರ್ವೊ ಮುಂತಾದವುಗಳ ಲಸಿಕೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ವರ್ಷ ವರ್ಷ ಪುನರಾವರ್ತನೆ. ಇದರಲ್ಲಿ ಉದಾಸೀನ ಸಲ್ಲದು. ಮಳೆಗಾಲದಲ್ಲಿ ಇಲಿಯ ಮೂತ್ರದಿಂದ ಕೆಟ್ಟ ನೀರನ್ನು ನೆಕ್ಕಿದ ನಾಯಿಗೆ ಇಲಿಜ್ವರ ಬರುತ್ತದೆ. ಅದರ ಮೂತ್ರದಿಂದ ಮನುಷ್ಯರಿಗೂ ಹರಡುತ್ತದೆ. ಇದಕ್ಕೂ ಲಸಿಕೆಯುಂಟು.

ನಮ್ಮ ಪ್ರದೇಶದಲ್ಲಿ ಹೆಚ್ಚು ನಾಯಿಗಳನ್ನು ಕೆಡಿಸುವುದು ಉಣುಗಿನ ಜ್ವರ. ಊಟ ಬಿಡುವುದು, ಜ್ವರ, ಬಿಳಿಚಿದ ಒಸಡು, ಕೆಲವೊಮ್ಮೆ ಮೂಗಿನಲ್ಲಿ ರಕ್ತ ಇದರ ಚಿಹ್ನೆಗಳು. ರಕ್ತಪರೀಕ್ಷೆ ಮಾಡಿಸಿ ತಕ್ಕ ಔಷಧಿಯನ್ನು ಬೇಗ ಆರಂಭಿಸಿದರೆ ಬಹುಪಾಲು ನಾಯಿಗಳು ಗುಣವಾಗುತ್ತವೆ. ಉಣುಗು ನಾಯಿಯ ಮೈಮೇಲಲ್ಲ, ಗೋಡೆಯ ಬಿರುಕು, ಬಾಗಿಲ ಸಂದುಗಳಲ್ಲಿ ಮೊಟ್ಟೆಯಿಡುವುದರಿಂದ ಮನೆಯನ್ನೂ ಶುದ್ಧಗೊಳಿಸಬೇಕು. ಇಲ್ಲೊಂದು ಎಚ್ಚರಿಕೆ. ಉಣುಗಿಗೆಂದು ಔಷಧದಂಗಡಿಯಿಂದ ಐವರ್‌ಮೆಕ್ಟಿನ್ ತಂದು ದನದ ಪ್ರಮಾಣದಲ್ಲಿ ಕೊಡುವವರುಂಟು. ಕುರಿನಾಯಿಗಳ ಕೆಲವು ವಂಶಗಳಲ್ಲಿ ಈ ಔಷಧಿ ಮಿದುಳಿಗೆ ನುಸುಳಿ ನಾಯಿಯನ್ನು ಕೆಡವುತ್ತದೆ. ಅದಕ್ಕೆ ಕಾರಣವಾದ ವಂಶವಾಹಿಯ ದೋಷವನ್ನು 2001ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು ಕಂಡುಹಿಡಿದರು. ಕೋಲಿ ಜಾತಿಯಲ್ಲಿ ಈ ದೋಷ ಹೆಚ್ಚು, ಜರ್ಮನ್ ಷೆಫರ್ಡ್ ನಾಯಿಗಳಲ್ಲಿ ಕೆಲವಕ್ಕೆ ಮಾತ್ರ; ಆದರೆ ನಿಮ್ಮದು ಆ ಕೆಲವರಲ್ಲಿ ಒಂದಲ್ಲವೆಂದು ಹೊರಗಿನಿಂದ ನೋಡಿ ಹೇಳಲಾಗದು.

ಸೊಂಟದ ಕೀಲಿನ ದೋಷ ಈ ಜಾತಿಯ ಹಳೆಯ ಶಾಪ. ಪ್ರದರ್ಶನದ ಅಂದಕ್ಕೆಂದು ಬೆನ್ನನ್ನು ಇಳಿಜಾರು ಮಾಡುತ್ತ ಹೋದ ಸಾಕಣೆದಾರರ ವ್ಯಾಮೋಹ ಹಿಂಗಾಲುಗಳಿಗೆ ಒಳ್ಳೆಯದನ್ನು ಮಾಡಲಿಲ್ಲ. ಸ್ಟೆಫಾನಿಟ್ಸ್ ಕಂಡಿದ್ದರೆ ಮೆಚ್ಚುತ್ತಿರಲಿಲ್ಲ ಎಂದು ನನ್ನ ಎಣಿಕೆ. ಕೊಳ್ಳುವ ಮುನ್ನ ತಂದೆ ತಾಯಿ ನಾಯಿಗಳ ಸೊಂಟದ ಕ್ಷಕಿರಣ ಚಿತ್ರವನ್ನು ಕೇಳಿ. ಕೊಡಲು ಹಿಂಜರಿದರೆ ಬೇರೆ ಕಡೆ ಹೋಗಿ.

ಕಡಿತವಾದಾಗ

ಸಾಕಿದ ನಾಯಿ, ಲಸಿಕೆ ಹಾಕಿಸಿದ ನಾಯಿ ಎಂದು ಕಡಿತವನ್ನು ಅಲಕ್ಷಿಸಬಾರದು. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನಿನಿಂದ ಹದಿನೈದು ನಿಮಿಷ ತೊಳೆಯಬೇಕು. ಸುಣ್ಣ, ಅರಿಸಿನ, ಮೆಣಸಿನಪುಡಿ ಯಾವುದನ್ನೂ ಹಚ್ಚಬಾರದು. ಅಂದೇ ವೈದ್ಯರನ್ನು ಕಾಣಬೇಕು. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದುಗಳ ಹಳೆಯ ಭಯ ಇನ್ನೂ ಕೆಲವರ ಮನಸ್ಸಿನಲ್ಲಿದೆ. ಆ ಲಸಿಕೆ ನಮ್ಮ ದೇಶದಲ್ಲಿ ನಿಂತು ಇಪ್ಪತ್ತು ವರ್ಷಗಳ ಮೇಲಾಯಿತು. ಈಗಿನದನ್ನು ತೋಳಿಗೆ ಕೊಡುತ್ತಾರೆ. ಚರ್ಮದೊಳಗೆ ಕೊಡುವುದಾದರೆ ಮೊದಲ ದಿನ, ಅಲ್ಲಿಂದ 3, 7, 28ನೆಯ ದಿನಗಳಲ್ಲಿ. ಸ್ನಾಯುವಿಗೆ ಕೊಡುವುದಾದರೆ 14ನೆಯ ದಿನದ್ದೂ ಸೇರಿ ಐದು. ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ಉಚಿತವಾಗಿ ದೊರೆಯುತ್ತದೆ. ಕಚ್ಚಿದ ನಾಯಿಯನ್ನು ಹತ್ತು ದಿನ ಕಟ್ಟಿಹಾಕಿ ಗಮನಿಸಬೇಕು. ಆದರೆ ಆ ಹತ್ತು ದಿನ ಮುಗಿಯಲೆಂದು ಲಸಿಕೆಯನ್ನು ಮುಂದೂಡಬಾರದು.

ಊರಿಗೆ ಹೋಗುವಾಗ

ದಸರೆಗೋ ದೀಪಾವಳಿಗೋ ಊರಿಗೆ ಹೊರಟಾಗ ನಾಯಿಯದು ದೊಡ್ಡ ಪ್ರಶ್ನೆ. ಪ್ರಶಾಂತಿ ಎಕ್ಸ್‌ಪ್ರೆಸ್ಸಿನಲ್ಲಿ ವಿಶಾಖಪಟ್ಟಣದಿಂದ ಬೆಂಗಳೂರಿಗೆ ಹೆಚ್ಚುಕಡಮೆ ಒಂದು ಹಗಲು ಒಂದು ರಾತ್ರಿಯ ಪಯಣ. ಮೊದಲ ದರ್ಜೆಯ ಕೂಪೆಯನ್ನು ಪೂರ್ತಿಯಾಗಿ ಕಾದಿರಿಸಿದವರಿಗೆ ಮಾತ್ರ ನಾಯಿಯನ್ನು ಜೊತೆಯಲ್ಲಿ ಇಟ್ಟುಕೊಳ್ಳಲು ರೈಲ್ವೆಯ ಅನುಮತಿಯುಂಟು. ಸ್ಲೀಪರ್ ಮತ್ತು ಎರಡನೆಯ, ಮೂರನೆಯ ದರ್ಜೆಯ ಹವಾನಿಯಂತ್ರಿತ ಬೋಗಿಗಳಲ್ಲಿ ಇಲ್ಲ. ಉಳಿದವರ ನಾಯಿಗಳು ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲಿ ಹೋಗಬೇಕು. ಮನೆಯವರ ಮುಖ ಕಾಣದೆ ಅಷ್ಟು ಹೊತ್ತು ಕತ್ತಲೆಯ ಪೆಟ್ಟಿಗೆಯಲ್ಲಿ ಈ ಜಾತಿಯ ನಾಯಿಯನ್ನು, ಅದರಲ್ಲಿಯೂ ಬೇಸಗೆಯಲ್ಲಿ, ಕಳುಹಿಸುವುದನ್ನು ನಾನು ಒಪ್ಪುವುದಿಲ್ಲ. ಅದಕ್ಕಿಂತ ನಾಯಿಗೆ ಮೊದಲೇ ಪರಿಚಯವಿರುವ ಸ್ನೇಹಿತರ ಮನೆಯಲ್ಲಿ ಬಿಟ್ಟುಹೋಗುವುದು ಮೇಲು. ನಮ್ಮ ಸಂಘದಲ್ಲಿ ನಾಯಿ ಸಾಕಿರುವ ಮನೆಗಳು ಪರಸ್ಪರ ಮಾತಾಡಿಕೊಂಡು, ಒಬ್ಬರು ದಸರೆಗೆ ಹೋದರೆ ಇನ್ನೊಬ್ಬರು ಸಂಕ್ರಾಂತಿಗೆ ಹೋಗುವಂತೆ ಏರ್ಪಾಡು ಮಾಡಿಕೊಳ್ಳಬಹುದು. ಹೊರಡುವುದಕ್ಕೆ ಒಂದು ತಿಂಗಳ ಮುಂಚಿನಿಂದ ಭಾನುವಾರಗಳಲ್ಲಿ ನಾಯಿಯನ್ನು ಆ ಮನೆಗೆ ಕರೆದೊಯ್ದು ಅಲ್ಲಿಯೇ ಊಟ ಹಾಕಿಸಿ. ಬಿಡುವ ದಿನ ನಿಮ್ಮ ಒಗೆಯದ ಹಳೆಯ ಅಂಗಿಯೊಂದನ್ನು ಅದರ ಚಾಪೆಯ ಮೇಲೆ ಹಾಕಿ ಬನ್ನಿ. ಲಸಿಕೆಯ ಚೀಟಿಯನ್ನೂ ವೈದ್ಯರ ದೂರವಾಣಿ ಸಂಖ್ಯೆಯನ್ನೂ ಆ ಮನೆಯವರ ಕೈಗೆ ಕೊಟ್ಟು ಹೊರಡಿ.